ಕಪ್ಪೆ ಕೆಮಿಸ್ಟ್ರಿ, ಲೆಕ್ಕದ ಕೆಮಿಸ್ಟ್ರಿ

ಮೈಸೂರಿನ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಎರಡು ಬಗೆಯ ಕೆಮಿಸ್ಟ್ರಿ ಕ್ಲಾಸುಗಳಿವೆ ಎಂಬ ಸುದ್ದಿ ಮದ್ದೂರು ಕಡೆಯ ಕೊಪ್ಪದ ಹತ್ತಿರದ ನಮ್ಮ ಹಳ್ಳಿಗೆ ತಲುಪಿದ ದಿನವೇ ಊರಿನವರು ಎರಡಕ್ಕೂ ಹೆಸರಿಟ್ಟುಬಿಟ್ಟರು. ಗಣಿತದ ಜೊತೆಗೆ ಓದುವುದು ಲೆಕ್ಕದ ಕೆಮಿಸ್ಟ್ರಿ. ಬಯಾಲಜಿಯ ಜೊತೆಗೆ, ಕಪ್ಪೆ ಕುಯ್ಯುತ್ತಾ ಓದುವುದು ಕಪ್ಪೆ ಕೆಮಿಸ್ಟ್ರಿ. ಲೆಕ್ಕದ್ದನ್ನು ಓದಿದವರು ಮುಂದೆ ಏನಾಗುತ್ತಾರೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಪ್ಪೆಯದನ್ನು ಓದಿದವರು ಡಾಕ್ಟರಾಗುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನನಗೆ ಬೇಕಾಗಿದ್ದುದು ಲೆಕ್ಕದ್ದು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ಸೀಮೆಎಣ್ಣೆಗೆ ಇನ್ನೂ ಸಾಲು ನಿಲ್ಲಬೇಕಿತ್ತು, ಬಸ್ಸುಗಳು ಇನ್ನೂ ಇದ್ದಿಲ ಹೊಗೆ ಉಗುಳುತ್ತಾ ಏರು ಬಂದಲ್ಲಿ ಜನರನ್ನು ಇಳಿಸಿ ತಳ್ಳಿಸಿಕೊಳ್ಳುತ್ತಿದ್ದವು. ಅಂಥ ಕಾಲದಲ್ಲಿ ನಮ್ಮ ಸುತ್ತಮುತ್ತಲಿನ ಒಕ್ಕಲು ಮನೆಗಳಲ್ಲಿ ಹೈಸ್ಕೂಲು ದಾಟಿದ ಹುಡುಗಿ ನಾನೊಬ್ಬಳೇ. ಹಾಗೆಂದು ನಾನೇನು ಸಾಧುಪ್ರಾಣಿಯಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಅಲ್ಲೇ ಇದೆ. ಹುಡುಗಿಯರಿಗೆ ಲೆಕ್ಕ ಹತ್ತುವುದಿಲ್ಲ ಎಂದು ಯಾರಾದರೂ ಅಂದರೆ ಅಲ್ಲೇ ಸೀಮೆಸುಣ್ಣ ಕಿತ್ತುಕೊಂಡು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸಿ ಬಂದು ಕೂರುತ್ತಿದ್ದೆ.

ಹೈಸ್ಕೂಲು ಓದಿದ್ದು ಮಂಡ್ಯದಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಮಾವನಿಗೆ ಸಕ್ಕರೆ ಕಾರ್ಖಾನೆಯ ಲ್ಯಾಬೊರೇಟರಿಯಲ್ಲಿ ಕೆಲಸ. ಕಬ್ಬು ಅರೆಯುವ ಕಾಲ ಬಂತೆಂದರೆ ಊರಿಗೆ ಊರೇ ಕಾಕಂಬಿಯ ವಾಸನೆಯಲ್ಲಿ ಮುಳುಗುತ್ತಿತ್ತು. ಕಬ್ಬಿನ ಗಾಡಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಂತು, ಗಾಡಿಯವರು ಅಲ್ಲೇ ಒಲೆ ಹೂಡಿ ಮುದ್ದೆ ಬೇಯಿಸುತ್ತಿದ್ದರು. ಒಂದು ದಿನ ಮಾವ ಊಟದ ಡಬ್ಬಿ ಮರೆತು ಹೋಗಿದ್ದ. ತಲುಪಿಸಲು ನಾನು ಹೋದೆ. ದೊಡ್ಡ ಆಫೀಸರು ಊಟಕ್ಕೆ ಹೋಗಿದ್ದರಿಂದ ಮಾವ ಆಚೆ ಈಚೆ ನೋಡಿ ನನ್ನನ್ನು ಒಳಗೆ ಕರೆದ.

ಆ ಕೋಣೆಯನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಎಲ್ಲಿ ನೋಡಿದರೂ ಗಾಜು. ಉದ್ದ ಕೊರಳಿನ ಸೀಸೆಗಳು, ಗೆರೆ ಹಾಕಿದ ಕೊಳವೆಗಳು, ಗಾಜಿನ ಪೆಟ್ಟಿಗೆಯೊಳಗೆ ಕೂತ ತಕ್ಕಡಿ. ಮಾವ ಕೊಳಕು ಬಣ್ಣದ ಕಬ್ಬಿನ ಹಾಲಿಗೆ ಒಂದು ಪುಡಿ ಬೆರೆಸಿ, ಕಾಗದದಲ್ಲಿ ಸೋಸಿ, ನೀರಿನಷ್ಟು ತಿಳಿಯಾದದ್ದನ್ನು ಉದ್ದನೆಯ ಕೊಳವೆಗೆ ತುಂಬಿದ. ದುರ್ಬೀನಿನಂಥ ಒಂದು ಯಂತ್ರದೊಳಗೆ ಆ ಕೊಳವೆ ಮಲಗಿಸಿ, "ಒಂದ್ ಕಣ್ ಮುಚ್ಚಿ ನೋಡಮ್ಮಿ" ಅಂದ.

ನೋಡಿದೆ. ಹಳದಿ ಬೆಳಕಿನ ಒಂದು ವೃತ್ತ, ಅದರಲ್ಲಿ ಅರ್ಧ ಬೆಳಗುತ್ತಿದೆ, ಅರ್ಧ ಮಂಕಾಗಿದೆ.

"ಈಗ ಈ ತಿರುಪ ಮೆಲ್ಲಗೆ ತಿರುಗ್ಸು. ಎರಡೂ ಒಂದೇ ಸಮ ಆದ ಕೂಡ್ಲೆ ನಿಲ್ಸು."

ತಿರುಗಿಸಿದೆ. ಮಂಕಾದದ್ದು ಮೆಲ್ಲಗೆ ತಿಳಿಯಾಗುತ್ತಾ ಬಂದು, ಒಂದು ಗಳಿಗೆಯಲ್ಲಿ ಎರಡು ಅರ್ಧಗಳ ನಡುವಿನ ಗೆರೆಯೇ ಕಾಣದಾಯಿತು. ಮಾವ ಪಕ್ಕದ ಅಳತೆಯನ್ನು ಓದಿ, ಆ ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಹೇಳಿದ. ನಾನು ಬೆಕ್ಕಸ ಬೆರಗಾದೆ. ಹುಟ್ಟಿದಾಗಿನಿಂದ ಕಬ್ಬು ಸಿಗಿದು ತಿಂದವಳು ನಾನು. ಇದು ಸಿಹಿ, ಇದು ಸಪ್ಪೆ ಅನ್ನುವುದು ಬಿಟ್ಟರೆ ಬೇರೇನು ಗೊತ್ತಿತ್ತು? ಇಲ್ಲಿ ನಾಲಿಗೆಯ ಹಂಗೇ ಇಲ್ಲದೆ ಬೆಳಕೇ ಬಂದು ಸಿಹಿಯ ಲೆಕ್ಕ ಒಪ್ಪಿಸುತ್ತಿತ್ತು!

"ಇದ ನೋಡಾಕೆ ಏನ್ ಓದ್ಬೇಕು ಮಾವ?"

"ಕೆಮಿಸ್ಟ್ರಿ."

"ಎಣ್ಮಕ್ಳು ಓದ್ಬೋದಾ?"

"ಓದ್‌ಬಾರ್ದು ಅಂತ ಎಲ್ಲೂ ಬರ್ದಿಲ್ವಲ್ಲ" ಅಂದು ಮಾವ ಡಬ್ಬಿ ಬಿಚ್ಚಿದ.

ಅಂದು ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ನನಗೇ ಗೊತ್ತಿಲ್ಲ. ಅಂದಿನಿಂದ ಹಾಲು ಒಡೆದರೆ ಯಾಕೆ, ಕಬ್ಬಿಣ ತುಕ್ಕು ಹಿಡಿದರೆ ಯಾಕೆ, ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಕುದಿಯುವುದು ಯಾಕೆ ಎಂದು ಕೇಳಿ ಕೇಳಿ ಅತ್ತೆಯ ತಲೆ ಚಿಟ್ಟು ಹಿಡಿಸಿದೆ. ಅವಳು, "ಬೇಗ ಕಾಲೇಜ್ಗಾದ್ರೂ ಸೇರ್ಸಿ ಇವಳ್ನ, ನಮ್ ಜೀವ ತಿಂತಾವ್ಳೆ" ಎಂದು ಮಾವನ ಬೆನ್ನು ಹತ್ತಿದಳು.

ಪರೀಕ್ಷೆ ಪಾಸಾದ ಸುದ್ದಿ ಬಂದಾಗ ಊರಿನಲ್ಲಿದ್ದೆ. ಅಪ್ಪ ನಾಲೆಯ ಏರಿಯ ಮೇಲಿಂದಲೇ ಕೂಗುತ್ತಾ ಬಂದ. ಗದ್ದೆಯಲ್ಲಿದ್ದ ಅವ್ವ ಕೆಸರುಗಾಲಲ್ಲೇ ಓಡಿ ಬಂದಳು. ಆದರೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ದೊಡ್ಡವ್ವ. ತೀರಿಹೋಗಿದ್ದ ದೊಡ್ಡಪ್ಪನ ಹೆಂಡತಿ ಅವಳು. ನಮ್ಮ ಮನೆಯೊಳಗಿನ ಕಾರುಬಾರೆಲ್ಲ ಅವಳದೇ. ಅಪ್ಪ ಕೂಡ ಅವಳೆದುರು ದನಿ ಏರಿಸುತ್ತಿರಲಿಲ್ಲ.

ದೊಡ್ಡವ್ವನ ಹಿಗ್ಗಿಗೆ ಕಾರಣವಿತ್ತು. ಅವಳಿಗಿದ್ದ ಒಬ್ಬಳೇ ಮಗಳನ್ನು ಹಲಗೂರಿನ ಕಡೆಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ಕಷ್ಟವಾಗಿ, ಮಳವಳ್ಳಿ ಆಸ್ಪತ್ರೆಗೆಂದು ಗಾಡಿ ಕಟ್ಟಿ ಹೊರಟವರು ದಾರಿಯಲ್ಲೇ ಗಾಡಿ ತಿರುಗಿಸಿಕೊಂಡು ಬಂದಿದ್ದರು. ಗಾಡಿ ಕಟ್ಟಲು ಅಷ್ಟು ಹೊತ್ತು ಮಾಡಿದ್ದು, ಅಲ್ಲಿರುವುದು ಗಂಡಸು ಡಾಕ್ಟರು ಎಂಬ ನಾಚಿಕೆಯಿಂದ. ಆ ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ದೊಡ್ಡವ್ವ ಅವಳ ಹೆಸರೆತ್ತುತ್ತಿರಲಿಲ್ಲ. ಊರಿಗೊಬ್ಬಳು ಹೆಂಗಸು ಡಾಕ್ಟರು ಬೇಕು ಅನ್ನುತ್ತಿದ್ದಳು, ಅಷ್ಟೆ.

ಈಗ ಆ ಡಾಕ್ಟರು ಮನೆಯಲ್ಲೇ ಸಿಕ್ಕಿದ್ದಳು! ನನ್ನನ್ನು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಮರುದಿನದಿಂದಲೇ ಹೆಂಗಸರು ಹಿತ್ತಿಲ ಬಾಗಿಲಿಂದ ಬರತೊಡಗಿದರು. ಒಬ್ಬಳು ನಾಲಿಗೆ ಚಾಚಿ ತೋರಿಸಿದಳು, ಇನ್ನೊಬ್ಬಳು ಮಂಡಿ ಮುಂದಿಟ್ಟಳು. ಬೆಳಕವಾಡಿಯಿಂದ ನೆಂಟರ ಮನೆಗೆ ಬಂದಿದ್ದ ಒಬ್ಬ ಅತ್ತೆಯಂತೂ ಕೈ ನೀಡಿ, ನಾಡಿ ನೋಡು ಎಂದು ಪಟ್ಟು ಹಿಡಿದು ಕೂತಳು.

"ನಾನಿನ್ನೂ ಕಾಲೇಜ್ ಬಾಗ್ಲೇ ಕಂಡಿಲ್ಲ ಕಣತ್ತೆ!"

"ಅದ್ಕೇನಮ್ಮಿ, ಈಗ್ಲಿಂದ್ಲೇ ರೂಢಿ ಮಾಡ್ಕೊ. ನಾ ಏನ್ ಕಾಸು ಕೇಳ್ದೇನಾ?"

ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಆದರೆ ಕಾಲೇಜಿಗೆ ಹೋಗುತ್ತೇನೆಂಬ ಸಂಭ್ರಮದಲ್ಲಿ ಎರಡೂ ನಿಲ್ಲುತ್ತಿರಲಿಲ್ಲ. ಅವರಿಗೇನು ಗೊತ್ತು, ಹೋಗಿ ಸೇರಿದ ಮೇಲೆ ತಿಳಿಸಿದರಾಯಿತು ಎಂದುಕೊಂಡು ಸುಮ್ಮನಿದ್ದೆ.

ಮೈಸೂರಿಗೆ ಹೊರಡುವ ಹಿಂದಿನ ದಿನ ಶುಕ್ರವಾರ. ಸಂಜೆ ದೀಪ ಹಚ್ಚುವ ಹೊತ್ತಿಗೆ ಊರ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ನೆರೆದಿದ್ದರು. ದೊಡ್ಡವ್ವ ಮನೆಮನೆಯಿಂದ ಒಂದೊಂದು ವೀಳ್ಯದೆಲೆ ತಂದು ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿದ್ದಳು. ಮೇಲೆ ಒಡೆಯದ ಇಡೀ ಅಡಿಕೆಗಳು. ನನ್ನನ್ನು ಮನೆದೇವರ ದೀಪದ ಮುಂದೆ ನಿಲ್ಲಿಸಿ, ಅವ್ವನ ಕೈಯಲ್ಲಿ ಹಣೆಗೆ ಕುಂಕುಮ ಇಡಿಸಿ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ನಮ್ಮೂರ್ ಎಣ್ಮಕ್ಳ ಕಷ್ಟ ನಿನ್ ಕಣ್ಮುಂದೆ ಅದೆ. ಈಸ್ಕೋ ಅಮ್ಮಿ."

ಪ್ರಯಾಣಕ್ಕೆ ಹೊರಟ ಮಗಳನ್ನು ಹರಸುತ್ತಿದ್ದಾರೆ ಎಂದು ನಾನು ತಿಳಿದೆ. ಹಬ್ಬ ಹರಿದಿನಗಳಲ್ಲಿ ಎಷ್ಟು ಮನೆಗಳಲ್ಲಿ ಅರಿಶಿನ ಕುಂಕುಮದ ಜೊತೆ ಎಲೆ ಅಡಿಕೆ ತೆಗೆದುಕೊಂಡಿರಲಿಲ್ಲ? ಎರಡು ಕೈಯಲ್ಲೂ ಇಸಿದುಕೊಂಡು ದೊಡ್ಡವ್ವನ ಕಾಲಿಗೆ ಬಿದ್ದೆ. ಹೆಂಗಸರೆಲ್ಲ ಒಟ್ಟಿಗೆ ಉಸಿರುಬಿಟ್ಟಂತೆ ಕೇಳಿಸಿತು. ಯಾಕಪ್ಪಾ ಇವರ ಕಣ್ಣಲ್ಲಿ ನೀರು ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ನನ್ನ ತಲೆಯಲ್ಲಿ ಮೈಸೂರು ತುಂಬಿಕೊಂಡಿತು. ಎಲೆಗಳು ಬಾಡದಿರಲಿ ಎಂದು ಅವ್ವ ಅವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು.

ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡು ಮದ್ದೂರಿಗೆ ಬಂದು ರೈಲು ಹತ್ತಿದೆ. ಮಂಡ್ಯದಲ್ಲಿ ಮಾವ ಹತ್ತಿಕೊಂಡ. ಕಿಟಕಿಯ ಪಕ್ಕ ಕೂತು ಹೊಗೆಯ ಮಸಿ ಮುಖಕ್ಕೆಲ್ಲ ಮೆತ್ತಿಕೊಂಡರೂ ಒಳಗೆ ಸರಿಯಲಿಲ್ಲ. ಮಾವ ದಾರಿಯುದ್ದಕ್ಕೂ ನಕ್ಕ.

ಕಾಲೇಜಿನ ಉದ್ದನೆಯ ಪಡಸಾಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕೆಮಿಸ್ಟ್ರಿ ಮೇಷ್ಟ್ರು ಕೂತಿದ್ದರು. ಪೇಟ, ಕೋಟು, ಬೆರಳಿನ ತುದಿಗಳಲ್ಲಿ ಕಂದು ಕಲೆ. ನನ್ನನ್ನು ನೋಡಿ, ಮಾವನನ್ನು ನೋಡಿ, "ಹುಡುಗಿಗೆ ಬಯಾಲಜಿ ಸೆಕ್ಷನ್ ತಾನೆ?" ಎಂದು ಮಾವನನ್ನೇ ಕೇಳಿದರು. ಮಾವ ಬಾಯಿ ತೆರೆಯುವ ಮೊದಲೇ ನಾನು, "ಎರಡು ಸೆಕ್ಷನ್ನಿಗೂ ಏನು ವ್ಯತ್ಯಾಸ ಸರ್?" ಅಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಶುರುವಾಗೋದು ಎರಡೂ ಒಂದೇ ಪುಸ್ತಕದಿಂದಮ್ಮ. ಬಯಾಲಜಿಯವರಿಗೆ ಇದು ಯಾವ ವಸ್ತು, ಏನು ಗುಣ ಅನ್ನೋದು ಮುಖ್ಯ. ಅವರು ಮುಂದೆ ಮೆಡಿಕಲ್‌ಗೆ ಹೋಗೋರು, ಅಷ್ಟು ಸಾಕು. ಗಣಿತದವರನ್ನ ನಾವು ಅಷ್ಟಕ್ಕೇ ಬಿಡಲ್ಲ. ಎಷ್ಟು, ಯಾಕೆ ಅಷ್ಟೇ, ಯಾಕೆ ಅದಕ್ಕಿಂತ ಹೆಚ್ಚಿಲ್ಲ ಅಂತ ಪ್ರಾಣ ತಿಂತೀವಿ. ಗಣಿತ ಇಲ್ಲದವರು ಮುಂದೆ ಕೆಮಿಸ್ಟ್ರಿಯನ್ನೇ ಹಿಡಿದು ಓದೋದು ಕಷ್ಟ. ನಡುವೆ ಸೆಕ್ಷನ್ ಬದಲಾಯಿಸೋಕೂ ಬಿಡಲ್ಲ."

ಎಷ್ಟು! ಯಾಕೆ ಅಷ್ಟೇ! ನನಗೆ ಬೇಕಾದದ್ದೇ ಅದು. ಕಾರ್ಖಾನೆಯಲ್ಲಿ ಕಂಡ ಬೆಳಕಿನ ಕತೆಯನ್ನು ಅಲ್ಲೇ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅರ್ಧ ಬೆಳಕು, ಅರ್ಧ ಮಂಕು, ಸಕ್ಕರೆಗೆ ಬೆಳಕನ್ನು ತಿರುಗಿಸುವ ಶಕ್ತಿ ಎಲ್ಲಿಂದ ಬಂತು, ಉಪ್ಪಿಗೆ ಯಾಕಿಲ್ಲ? ಮೇಷ್ಟ್ರು ಎದ್ದು, ಹಿಂದಿನ ಬಾಗಿಲು ತೆಗೆದು, "ಬಾ" ಅಂದರು.

ಒಳಗೆ ಸಾಲುಸಾಲು ಮೇಜುಗಳು. ಪ್ರತಿಯೊಂದರ ಮೇಲೂ ಗೂಡಿನಂಥ ಕಪಾಟು, ಅದರ ತುಂಬ ಚಿಕ್ಕ ಸೀಸೆಗಳು. ಗಾಳಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಮಾವ ಮೂಗು ಮುಚ್ಚಿಕೊಂಡ. ನನಗೆ ಅದೂ ಪರಿಮಳವೇ ಆಗಿತ್ತು. ಮೇಷ್ಟ್ರು ಒಂದು ಲೋಟದಲ್ಲಿದ್ದ ಬಣ್ಣವಿಲ್ಲದ ದ್ರವಕ್ಕೆ ಗಾಜಿನ ನಳಿಗೆಯಿಂದ ಇನ್ನೊಂದನ್ನು ತೊಟ್ಟು ತೊಟ್ಟಾಗಿ ಬಿಟ್ಟರು. ಏನೂ ಆಗಲಿಲ್ಲ, ಏನೂ ಆಗಲಿಲ್ಲ, ಒಂದು ಹನಿ ಬಿತ್ತು, ಇಡೀ ಲೋಟ ಗುಲಾಬಿ ಬಣ್ಣಕ್ಕೆ ತಿರುಗಿತು. ನಾನು ಕೈತಟ್ಟಿಬಿಟ್ಟೆ. "ಆ ಒಂದು ಹನಿ ಯಾಕೆ ಅನ್ನೋದನ್ನ ಗಣಿತದ ಸೆಕ್ಷನ್ನಿನಲ್ಲಿ ಹೇಳ್ಕೊಡ್ತೀವಿ" ಅಂದರು ಮೇಷ್ಟ್ರು. "ಹುಡುಗಿಯರಿಗೆ ಮುಂದಿನ ಬೆಂಚು. ಸದ್ಯಕ್ಕೆ ಆ ಬೆಂಚು ಖಾಲಿ ಇದೆ. ಮನೆಯಲ್ಲಿ ಕೇಳಿಕೊಂಡು ಸೋಮವಾರ ಬಂದು ಯಾವುದು ಅಂತ ಹೇಳು."

ವಾಪಸು ಬಂದವಳೇ ಜಗಲಿಯ ಮೇಲೆ ಕೂತಿದ್ದ ಅಪ್ಪನಿಗೆ ಎಲ್ಲವನ್ನೂ ಒದರಿದೆ. ಗುಲಾಬಿ ಬಣ್ಣ, ಖಾಲಿ ಬೆಂಚು, ಲೆಕ್ಕದ ಕೆಮಿಸ್ಟ್ರಿಗೇ ಸೇರುತ್ತೇನೆ ಎಂಬುದು. ಅಪ್ಪ ಮೊದಮೊದಲು ನಗುತ್ತಿದ್ದವನು ಕೊನೆಗೆ ಗಂಭೀರವಾದ.

"ಅಂಗಾದ್ರೆ ವೀಳ್ಯ ಯಾಕ್ ಈಸ್ಕಂಡೆ?"

"ಊರಿಗ್ ಹೊರಟೋಳಿಗೆ ಎಲೆ ಅಡಿಕೆ ಕೊಟ್ರು, ಈಸ್ಕಂಡೆ."

"ಅದು ಊರಿಗ್ ಹೊರಟೋಳಿಗೆ ಕೊಡೋ ಎಲೆ ಅಡಿಕೆ ಅಲ್ಲ ಕಣಮ್ಮಿ. ದೀಪದ್ ಮುಂದೆ, ಇಡೀ ಅಡಿಕೆ ಇಟ್ಟು, ಎರಡ್ ಕೈಲಿ ಕೊಟ್ರೆ ಮಾತು ಕೇಳ್ದಂಗೆ. ಈಸ್ಕಂಡ್ರೆ ಮಾತು ಕೊಟ್ಟಂಗೆ. ಡಾಕ್ಟ್ರಾಯ್ತೀನಿ ಅಂತ ನೀ ಊರ್ಗೇ ಮಾತ್ ಕೊಟ್ಟಿದ್ದೀಯ."

ಜಮೀನು, ಪಂಚಾಯ್ತಿ, ಮದುವೆಯ ಮಾತುಕತೆ ಎಲ್ಲ ಹೀಗೆ ವೀಳ್ಯದಲ್ಲಿ ಮುಗಿಯುತ್ತಿದ್ದುದು ನಿಜ. ಆದರೆ ಅವೆಲ್ಲ ಗಂಡಸರು ಪಡಸಾಲೆಯಲ್ಲಿ ಕೂತು ನಡೆಸುವ ವ್ಯವಹಾರ. ನಾವು ಹುಡುಗಿಯರು ಆ ಹೊತ್ತಿಗೆ ಅಡುಗೆಮನೆಯಲ್ಲಿ ಇರಬೇಕಿತ್ತು. ನೋಡದ ಶಾಸ್ತ್ರ ನನಗೆ ಹೇಗೆ ತಿಳಿಯಬೇಕು? ಸಿಟ್ಟು ನೆತ್ತಿಗೇರಿತು. ಕೇಳದೆ ಮಾತು ಕಿತ್ತುಕೊಳ್ಳುವುದು ಯಾವ ನ್ಯಾಯ ಎಂದು ಕೂಗಾಡಿದೆ.

"ವಾಪಸ್ ಕೊಡಾಕೆ ಆಗಕಿಲ್ವಾ?"

"ಕೊಟ್ಟೋರು ತಿರುಗ ಈಸ್ಕಂಡ್ರೆ ಆಯ್ತದೆ" ಅಂದ ಅಪ್ಪ. "ಈಸ್ಕಂಡಿದ್ದ ನಾನಂತೂ ಕಂಡಿಲ್ಲ. ವೀಳ್ಯ ಇಡಿದು ಮಾತ್ ತಪ್ಪಿದೋರ ಮನೇಲಿ ಯಾರೂ ನೀರ್ ಕುಡಿಯಾಕಿಲ್ಲ ಕಣಮ್ಮಿ. ನಾ ನಿನ್ನ ಬ್ಯಾಡ ಅನ್ನಾಕಿಲ್ಲ. ನಿಮ್ ದೊಡ್ಡವ್ವನ್ನ ನೀನೇ ಕೇಳು."

ಭಾನುವಾರ ಇಡೀ ದಿನ ನಾಲೆಯ ಏರಿಯ ಮೇಲೆ ತಿರುಗಿದೆ. ಕಪ್ಪೆಯದನ್ನೇ ಓದಿಬಿಡೋಣ ಎಂದೂ ಅನ್ನಿಸಿತು. ಆ ಹೆಂಗಸರ ಕಣ್ಣು ಸುಳ್ಳಾಗಿರಲಿಲ್ಲ, ಗಾಡಿಯಲ್ಲಿ ಸತ್ತ ಅಕ್ಕ ಸುಳ್ಳಾಗಿರಲಿಲ್ಲ. ಆದರೆ ರಕ್ತ ಕಂಡರೆ ನನಗೆ ಕಣ್ಣು ಕತ್ತಲಿಡುತ್ತದೆ. ಮನಸ್ಸಿಲ್ಲದೆ ಡಾಕ್ಟರಾದವಳ ಕೈಗೆ ಯಾವ ಬಸುರಿ ತನ್ನ ಜೀವ ಕೊಡಬೇಕು? ಅದೆಲ್ಲಕ್ಕಿಂತ ನಿಜವಾದ ಮಾತೆಂದರೆ ನನಗೆ ಲೆಕ್ಕದ ಕೆಮಿಸ್ಟ್ರಿ ಬೇಕಿತ್ತು. ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

ಸೋಮವಾರ ಬೆಳಿಗ್ಗೆ ದೊಡ್ಡವ್ವ ನಡುಮನೆಯ ಕಂಬಕ್ಕೆ ಒರಗಿ ಮೊಸರು ಕಡೆಯುತ್ತಿದ್ದಳು. ಒದ್ದೆ ಬಟ್ಟೆ ಬಿಚ್ಚಿ, ಎಲೆಗಳನ್ನೂ ಅಡಿಕೆಗಳನ್ನೂ ಅದೇ ತಟ್ಟೆಯಲ್ಲಿ ಜೋಡಿಸಿ ಅವಳ ಮುಂದೆ ನಿಂತೆ.

"ದೊಡ್ಡವ್ವ, ಇದ್ರ ಅರ್ಥ ನಂಗೊತ್ತಿರ್ನಿಲ್ಲ. ನಂಗೆ ಡಾಕ್ಟ್ರಾಗಕೆ ಇಷ್ಟ ಇಲ್ಲ. ನಂಗೆ ಲೆಕ್ಕದ್ ಕ್ಲಾಸೇ ಬೇಕು. ಬೇಡ್ಕೋತೀನಿ, ತಿರುಗ ಈಸ್ಕೋ."

ಕಡೆಗೋಲು ನಿಂತಿತು. ದೊಡ್ಡವ್ವ ತಟ್ಟೆಯನ್ನೇ ನೋಡಿದಳು. ಬೈಗುಳ ಬರುತ್ತದೆಂದು ಕಾದೆ, ಅದಕ್ಕೆ ಉತ್ತರವೂ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಬೈಗುಳ ಬರಲಿಲ್ಲ.

"ನಿಮ್ಮಕ್ಕನೂ ಇಂಗೇ ತಂದಿದ್ಲು" ಅಂದಳು.

ನನಗೆ ಅರ್ಥವಾಗಲಿಲ್ಲ.

"ಅಲಗೂರ್ ಕಡೆಯೋರು ವೀಳ್ಯ ಕೊಟ್ಟೋದ ಮಾರ್ನೆ ದಿನ. ಇಲ್ಲೇ, ಇಂಗೇ ನಿಂತ್ಕಂಡು, ನಂಗೀಗ್ಲೇ ಮದ್ವೆ ಬ್ಯಾಡ ಕಣವ್ವ, ವಾಪಸ್ ಕಳ್ಸವ್ವ ಅಂದ್ಲು. ಇನ್ನೂ ಮೈ ಬಲ್ತಿರ್ನಿಲ್ಲ ಅದ್ಕೆ. ಈಸ್ಕಂಡ್ ವೀಳ್ಯವ ಯಾರಾರ ತಿರುಗ ಕೊಟ್ಟಾರೇನೆ ಅಂತ ನಾನೇ ಬೈದು ಕಳ್ಸ್ದೆ." ಕಡೆಗೋಲು ಬದಿಗಿಟ್ಟು, "ನಾನೇ ಕಣಮ್ಮಿ" ಅಂದಳು.

ಬೆಣ್ಣೆ ಮೆತ್ತಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ನನ್ನ ಕೈಯಿಂದ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ರೈಲ್ಗೆ ಒತ್ತಾಯ್ತದೆ. ಓಗು, ತಲೆ ಬಾಚ್ಕೋ."

ನಾನು ಅವಳನ್ನು ತಬ್ಬಿಕೊಂಡೆ. ಅಳು, ನಗು ಎರಡೂ ಒಟ್ಟಿಗೇ ನುಗ್ಗಿ ಬಂದವು. ತಟ್ಟೆ ಬಿದ್ದೀತು ಬುಡು, ಬುಡು ಎಂದು ಬಿಡಿಸಿಕೊಂಡು ಅವಳು ಹೊರಗೆ ಹೋದಳು. ನಾನು ಜಡೆ ಹಾಕಿಕೊಳ್ಳುತ್ತಲೇ ಬಾಗಿಲಿಗೆ ಓಡಿ ಬಂದೆ. ಅಪ್ಪ ಗಾಡಿಗೆ ಎತ್ತು ಕಟ್ಟುತ್ತಿದ್ದ. ಯಾರೆದುರೂ ತಲೆ ತಗ್ಗಿಸದ ದೊಡ್ಡವ್ವ ಸೆರಗು ಹೊದ್ದು, ತಟ್ಟೆ ಹಿಡಿದು ಎದುರು ಮನೆಯ ಜಗಲಿಯ ಮುಂದೆ ನಿಂತಿದ್ದಳು. ಎಲೆ ಕೊಟ್ಟಿದ್ದ ಪ್ರತಿ ಮನೆಗೂ ತಾನೇ ಹೋಗಿ ಎಲೆ ಹಿಂದಿರುಗಿಸಲು ಹೊರಟಿದ್ದಳು. ಆ ಮನೆಯವಳು ಎಲೆಯನ್ನು ನೋಡಿ ದಂಗಾಗಿ, "ಇದೇನಕ್ಕ, ಕೊಟ್ಟ ವೀಳ್ಯವ ತಿರುಗ ತಂದಿದ್ದೀಯಲ್ಲ? ಈ ಎಣ್ಣು ಡಾಕ್ಟ್ರಾಗಕಿಲ್ವಂತಾ?" ಅಂದಳು.

"ಇಲ್ಲ ಕಣವ್ವ" ಅಂದಳು ದೊಡ್ಡವ್ವ, ಬೀದಿಗೆಲ್ಲ ಕೇಳುವಂತೆ. "ಈ ಸಲ ಕೇಳಿವ್ನಿ. ಅವ್ಳಿಗೆ ಬ್ಯಾಡ್ವಂತೆ."